ಬಸುರಿಯ ಬಳಿ ಊರಿನ ಡಾಕ್ಟರರು

2018-20ರ ಅಂಕಿಅಂಶದಂತೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ತೀರಿಕೊಂಡರು. ನೆರೆಯ ಕೇರಳದಲ್ಲಿ 19. ರಕ್ತಸ್ರಾವ, ಏರಿದ ರಕ್ತದೊತ್ತಡ, ಸೋಂಕು ಇಂಥ ಸಾವುಗಳ ಮುಖ್ಯ ಕಾರಣಗಳು.

ಹೆರಿಗೆ ತಜ್ಞರ ಕೈಯಲ್ಲೇ ಆಗಲಿ. ಆದರೆ ಎರಡು ಸ್ಕ್ಯಾನಿಂಗ್‌ಗಳ ನಡುವೆ ಮುಖ ಬಾತರೆ, ತಲೆ ಸಿಡಿದರೆ, ಮಂಗಳೂರಿಗೆ ಬಸ್ಸು ಹತ್ತುವ ಮುನ್ನ ನೋಡುವವರು ಯಾರು? ಒತ್ತಡ ಅಳೆಯಲು, ರಕ್ತಹೀನತೆ ಗುರುತಿಸಲು, ತಡಮಾಡದೆ ದೊಡ್ಡಾಸ್ಪತ್ರೆಗೆ ಕಳುಹಿಸಲು ಕುಟುಂಬ ವೈದ್ಯರೇ ಸಾಕು. ತವರಿನ ಸಕ್ಕರೆ ಕಾಯಿಲೆ, ಗಂಡ ಗಲ್ಫ್‌ನಲ್ಲಿರುವುದು ಅವರಿಗೆ ಗೊತ್ತು. ಅಂಥವರನ್ನು ಬರೀ ಜ್ವರ-ಶೀತಕ್ಕೆ ಮೀಸಲಿಟ್ಟ ತಪ್ಪು ನಮ್ಮದೇ.

2016ರಿಂದ ಪ್ರತಿ ತಿಂಗಳು 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ಗುರಿಕಾರರು ಇದನ್ನು ಮನೆಮನೆಗೆ ತಿಳಿಸಲಿ. ಮಾತೆ ಮರಿಯಮ್ಮನವರು ಎಲಿಜಬೇತಮ್ಮನ ಬಳಿ ಸುಮಾರು ಮೂರು ತಿಂಗಳು ಉಳಿದರು. ಹತ್ತಿರವಿರುವುದೂ ಆರೈಕೆಯೇ.