ರಾತ್ರಿ ಪಾಳಿ ಯಾರದ್ದು?

ನಮ್ಮ ಪುಟ್ಟಿಗೆ ಈಗ ನಾಲ್ಕೂವರೆ ತಿಂಗಳು. ಹಿಂದಿನ ಅಂಕಣದಲ್ಲಿ, ಬಾಣಂತನ ಮುಗಿಸಿಕೊಂಡು ಹೆಂಡತಿ, ಮಗಳು ತಿಪಟೂರಿಂದ ಬರ್ತಿದ್ದಾರೆ, ಮನೆ ತುಂಬುತ್ತೆ ಅಂತ ಖುಷಿಯಿಂದ ಬರೆದಿದ್ದೆ. ಮನೆ ತುಂಬಿತು, ನಿಜ. ನಿದ್ದೆ ಖಾಲಿಯಾಯ್ತು.

ತಿಪಟೂರಲ್ಲಿ ಅತ್ತೆ ಇದ್ದರು, ಅವರ ತಂಗಿ ಇದ್ದರು, ಎಣ್ಣೆನೀರು ಹಾಕೋಕೆ ಬರ್ತಿದ್ದ ಅಜ್ಜಿ ಇದ್ದರು. ಮಗು ಅತ್ತರೆ ಎತ್ತಿಕೊಳ್ಳೋಕೆ ಯಾವಾಗಲೂ ಯಾರಾದರೊಬ್ಬರು ಇರ್ತಿದ್ದರು. ಕಾಡುಗೋಡಿಯ ನಮ್ಮ ನಾಲ್ಕನೇ ಮಹಡಿಯ ಫ್ಲಾಟಲ್ಲಿ ನಾವಿಬ್ಬರೇ. ರಾತ್ರಿ ಲೆಕ್ಕಕ್ಕೆ ಅವಳೊಬ್ಬಳೇ.

ಯಾಕಂದ್ರೆ ನಾನು ಒಂದು ಲೆಕ್ಕ ಹಾಕಿದ್ದೆ. ಹಾಲು ಕುಡಿಸೋದು ಅವಳು. ನಾನು ಎದ್ದು ಮಾಡೋದೇನು? ಇಬ್ಬರೂ ನಿದ್ದೆಗೆಡೋದ್ಯಾಕೆ? ರಾತ್ರಿ ಹನ್ನೊಂದರವರೆಗೆ ಅಮೆರಿಕದವರ ಜೊತೆ ಕಾಲ್, ಬೆಳಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡಪ್ ಮೀಟಿಂಗ್. ಇಂಜಿನಿಯರ್ ತಲೆಗೆ ಲೆಕ್ಕ ಸರಿಯಾಗೇ ಕಾಣಿಸ್ತು. ದಿಂಬು ತಗೊಂಡು ಇನ್ನೊಂದು ರೂಮಿಗೆ ಹೋದೆ. ಅವಳೂ 'ಹೋಗು, ನೀನಾದ್ರೂ ಮಲಗು' ಅಂದಳು. ಆ 'ಆದ್ರೂ' ನನ್ನ ಕಿವಿಗೆ ಬೀಳಲಿಲ್ಲ.

ಇಬ್ಬರ ಫೋನಲ್ಲೂ ಮಗುವಿನ ಆ್ಯಪ್ ಇದೆ. ಹಾಲು ಕುಡಿದದ್ದು, ಡಯಾಪರ್ ಬದಲಿಸಿದ್ದು ಎಲ್ಲ ಅದರಲ್ಲಿ ಎಂಟ್ರಿ. ಬೆಳಗ್ಗೆ ಮೆಟ್ರೊದಲ್ಲಿ ಕೂತು ನೋಡ್ತಿದ್ದೆ: 11:40, 1:15, 2:50, 4:20, 5:45. ಐದು ಸಲ. ಆಫೀಸಿನ ಡ್ಯಾಶ್‌ಬೋರ್ಡ್ ನೋಡಿದ ಹಾಗೆ ನೋಡಿ ಫೋನ್ ಜೇಬಿಗೆ ಹಾಕಿಕೊಳ್ತಿದ್ದೆ. ಆ ಐದೂ ಎಂಟ್ರಿ ಹಾಕಿದವಳು ಎಷ್ಟು ಹೊತ್ತು ಮಲಗಿದಳು ಅಂತ ಒಂದು ದಿನಾನೂ ಕೂಡಿ ನೋಡಲಿಲ್ಲ.

ಒಂದು ಬುಧವಾರ ರಾತ್ರಿ ಮೂರು ಗಂಟೆಗೆ ನೀರು ಕುಡಿಯೋಕೆ ಎದ್ದೆ. ಹಾಲಲ್ಲಿ ಲೈಟ್ ಉರೀತಿತ್ತು. ಸೋಫಾ ಮೇಲೆ ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು, ಕುತ್ತಿಗೆ ಒಂದು ಕಡೆ ವಾಲಿತ್ತು. ಮಗು ತೊಡೆಯಿಂದ ಜಾರಿ ಸೋಫಾದ ಕೈಗೂ ಅವಳ ಸೊಂಟಕ್ಕೂ ಮಧ್ಯೆ ಸಿಕ್ಕಿಕೊಂಡಿತ್ತು. ಮುಖ ಕುಶನ್ ಕಡೆ.

ಹೇಗೆ ಎತ್ತಿಕೊಂಡೆನೋ ನೆನಪಿಲ್ಲ. ಮಗು ಬೆಚ್ಚಿ ಜೋರಾಗಿ ಅತ್ತಿತು. ಅಷ್ಟು ಒಳ್ಳೆ ಸದ್ದು ನಾನು ಜೀವನದಲ್ಲಿ ಕೇಳಿರಲಿಲ್ಲ. ಅವಳು ಎದ್ದು ನೋಡಿ, ಏನಾಗ್ತಿತ್ತು ಅಂತ ಅರ್ಥವಾಗಿ, 'ನಂಗೆ ಗೊತ್ತೇ ಆಗ್ಲಿಲ್ಲ ಕಣೋ, ಕಣ್ಣು ಯಾವಾಗ ಮುಚ್ಚಿತೋ ಗೊತ್ತೇ ಆಗ್ಲಿಲ್ಲ' ಅಂತ ಮಗುವಿಗಿಂತ ಹೆಚ್ಚು ಅತ್ತಳು. ತಪ್ಪು ಅವಳದ್ದು ಅಂತ ಅವಳು ಅಂದುಕೊಂಡಿದ್ದಳು. ತಪ್ಪು ಪಕ್ಕದ ರೂಮಲ್ಲಿ ದಿಂಬು ತಬ್ಬಿಕೊಂಡು ಮಲಗಿತ್ತು.

ಆ ಶನಿವಾರ ಮಕ್ಕಳ ಡಾಕ್ಟರ್ ಹತ್ತಿರ ಹೋದ್ವಿ. ಅಷ್ಟರೊಳಗೆ ಫೋನಲ್ಲಿ ಸಲಹೆಗಳ ರಾಶಿಯೇ ಬಿದ್ದಿತ್ತು. ಹಾಲು ಸಾಲ್ತಿಲ್ಲ, ಅದಕ್ಕೇ ಏಳುತ್ತೆ. ರಾತ್ರಿ ಸ್ವಲ್ಪ ರಾಗಿ ಸರಿ ತಿನ್ನಿಸಿ, ಬೆಳಗಿನವರೆಗೂ ಮಲಗುತ್ತೆ. ಬಜೆ ತೇಯ್ದು ನೆಕ್ಕಿಸಿ. ಡಾಕ್ಟರಮ್ಮ ಮೊದಲು ತೂಕ ನೋಡಿದರು, ಆಮೇಲೆ ದಿನಕ್ಕೆ ಎಷ್ಟು ಸಲ ಉಚ್ಚೆ ಅಂತ ಕೇಳಿದರು. ತೂಕ ಸರಿಯಾಗಿ ಏರ್ತಿದೆ, ದಿನಕ್ಕೆ ಆರು ಡಯಾಪರಿಗಿಂತ ಹೆಚ್ಚು ಒದ್ದೆಯಾಗ್ತಿದೆ ಅಂದ್ರೆ ಹಾಲು ಸಾಲ್ತಿದೆ ಅಂತಲೇ ಅರ್ಥ ಅಂದರು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ಸರಿಯೂ ಬೇಡ, ಬಜೆಯೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದನ್ನೇ. ಹಾಲು ನಿಜವಾಗಲೂ ಸಾಲದೇ ಇದ್ದಾಗ ಡಾಕ್ಟರೇ ಪುಡಿಹಾಲು ಹೇಳ್ತಾರೆ, ಅದರಲ್ಲಿ ನಾಚಿಕೊಳ್ಳೋದೇನಿಲ್ಲ. ಆದರೆ ನಿದ್ದೆ ಬರಲಿ ಅಂತ ಹೊಟ್ಟೆ ತುಂಬಿಸೋದು ಬೇರೆ ಮಾತು.

ಹಾಗಿದ್ರೆ ಯಾಕೆ ಏಳುತ್ತೆ? ಹುಟ್ಟಿದ ಮಗುವಿಗೆ ಹಗಲು ರಾತ್ರಿಯ ಗಡಿಯಾರ ಇರೋದಿಲ್ಲ, ಅದು ಎರಡು ಮೂರು ತಿಂಗಳ ಮೇಲೆ ನಿಧಾನವಾಗಿ ಕೂರುತ್ತೆ. ನಾಲ್ಕನೇ ತಿಂಗಳ ಹೊತ್ತಿಗೆ ನಿದ್ದೆಯ ರೀತಿಯೇ ಬದಲಾಗಿ ದೊಡ್ಡವರ ನಿದ್ದೆಯ ಹಾಗೆ ಹಗುರ, ಗಾಢ ಅಂತ ಸುತ್ತು ಸುತ್ತಾಗುತ್ತೆ. ಪ್ರತಿ ಸುತ್ತಿನ ಕೊನೆಗೆ ಎಚ್ಚರವಾಗೋ ಸಾಧ್ಯತೆ ಇರುತ್ತೆ. ಆವರೆಗೆ ಚೆನ್ನಾಗಿ ಮಲಗ್ತಿದ್ದ ಮಗೂನೂ ಆಗ ಹೆಚ್ಚು ಸಲ ಏಳಬಹುದು. ಇನ್ನೊಂದು ಕಡೆ ಹಾಲು ತರಿಸೋ ಪ್ರೊಲ್ಯಾಕ್ಟಿನ್ ಹಾರ್ಮೋನು ತಾಯಿಯಲ್ಲಿ ರಾತ್ರಿಯೇ ಹೆಚ್ಚು. ಅಂದ್ರೆ ರಾತ್ರಿ ಕುಡಿಯೋದು ಕೆಟ್ಟ ಚಾಳಿ ಏನಲ್ಲ. ಮಗುವಿನ ಕಡೆಯಿಂದ ಎಲ್ಲ ಸರಿಯಾಗೇ ಇತ್ತು. ಸರಿಯಿಲ್ಲದೆ ಇದ್ದದ್ದು ನಮ್ಮ ಪಾಳಿ.

ಸೋಫಾ ವಿಷಯ ಹೇಳಿದಾಗ ಮಾತ್ರ ಡಾಕ್ಟರಮ್ಮನ ಮುಖ ಗಂಭೀರವಾಯ್ತು. ಮಗು ಎತ್ತಿಕೊಂಡು ಸೋಫಾದಲ್ಲಿ ನಿದ್ದೆ ಹೋಗೋದು ಮಂಚದಲ್ಲಿ ನಿದ್ದೆ ಹೋಗೋದಕ್ಕಿಂತ ಹೆಚ್ಚು ಅಪಾಯ. ಉಸಿರು ಕಟ್ಟೋದಕ್ಕೆ ಹೆಚ್ಚು ಹೊತ್ತು ಬೇಡ. ಮಗುವನ್ನ ಯಾವಾಗಲೂ ಬೆನ್ನ ಮೇಲೆ, ಗಟ್ಟಿ ಹಾಸಿಗೆ ಮೇಲೆ ಮಲಗಿಸಿ. ತೊಟ್ಟಿಲಲ್ಲಿ ದಿಂಬು, ದಪ್ಪ ಕೌದಿ, ಗೊಂಬೆ ಏನೂ ಬೇಡ ಅಂದರು. ಮನೆಗೆ ಬಂದು ಅತ್ತೆ ಪ್ರೀತಿಯಿಂದ ಹೊಲಿಸಿಕೊಟ್ಟಿದ್ದ ಸಾಸಿವೆ ದಿಂಬು ತೆಗೆದಿಟ್ಟೆ. ಅತ್ತೆಗೆ ಫೋನ್ ಮಾಡಿ ನಾನೇ ಹೇಳಿದೆ, ಹೆಂಡತಿ ತಲೆಗೆ ಕಟ್ಟಲಿಲ್ಲ.

ಈಗ ನಮ್ಮ ಮನೆಯ ಪಾಳಿ ಹೀಗಿದೆ. ರಾತ್ರಿ ಒಂಬತ್ತಕ್ಕೆ ಅವಳು ಹಾಲು ಕುಡಿಸಿ ಇನ್ನೊಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗ್ತಾಳೆ. ಎರಡರವರೆಗೆ ಮಗು ನಂದು. ಬೆಳಗ್ಗೆ ಪಂಪ್ ಮಾಡಿ ಫ್ರಿಜ್ಜಲ್ಲಿಟ್ಟ ಹಾಲನ್ನ ಬಿಸಿನೀರಲ್ಲಿ ಪಾತ್ರೆ ಇಟ್ಟು ಬೆಚ್ಚಗೆ ಮಾಡ್ತೀನಿ, ಮೈಕ್ರೋವೇವ್ ಬೇಡ. ಪಂಪ್ ಮಾಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಲ್ಲಿ ನಾಲ್ಕು ದಿನ ಇಡಬಹುದು. ನಮ್ಮ ಬೇಸಿಗೆಯಲ್ಲಿ ಹೊರಗೆ ಇಡದೇ ಇರೋದೇ ಒಳ್ಳೇದು. ಕುಡಿಸೋದು ತಿಪಟೂರಿಂದ ಬಂದ ಬೆಳ್ಳಿ ಒಳಲೆಯಲ್ಲಿ. ಎರಡರ ಮೇಲೆ ಮಗು ಎದ್ದರೂ ಮೊದಲು ಏಳೋದು ನಾನೇ. ಡಯಾಪರ್ ಬದಲಿಸಿ ಮಂಚದ ಹತ್ತಿರ ಕೊಡ್ತೀನಿ, ಅವಳು ಕುಡಿಸ್ತಾಳೆ, ತೇಗು ಬರಿಸಿ ಮಲಗಿಸೋ ಕೆಲಸ ಮತ್ತೆ ನಂದು. ಮೊದಲು ಅವಳಿಗೆ ಒಂದು ಗಂಟೆ ಹಿಡೀತಿದ್ದದ್ದು ಈಗ ಇಪ್ಪತ್ತು ನಿಮಿಷ.

ಇದು ಮೊದಲ ದಿನವೇ ನಡೀತು ಅಂದ್ಕೋಬೇಡಿ. ಮೊದಲ ರಾತ್ರಿ ಪುಟ್ಟಿ ಒಳಲೆಯ ಹಾಲೆಲ್ಲ ನನ್ನ ಶರ್ಟಿಗೆ ಉಗಿದು ನಲವತ್ತು ನಿಮಿಷ ಅತ್ತಳು. ಅವಳಮ್ಮ ಬಾಗಿಲು ತೆಗೆದು ಬಂದೇಬಿಟ್ಟಳು. ಎರಡನೇ ರಾತ್ರಿ ಅವಳಿಗೆ ಎದೆ ಕಟ್ಟಿಕೊಂಡು ನೋವಿಂದ ಒಂದು ಗಂಟೆಗೇ ಎಚ್ಚರ. ಆಮೇಲಿಂದ ಮಲಗೋ ಮುಂಚೆ ಸ್ವಲ್ಪ ಪಂಪ್ ಮಾಡೋಕೆ ಶುರು ಮಾಡಿದಳು. ನಾಲ್ಕನೇ ರಾತ್ರಿ ಪುಟ್ಟಿ ಒಳಲೆಯಲ್ಲಿ ಪೂರ್ತಿ ಕುಡಿದಳು. ಹೆಂಡತಿ ಐದು ಗಂಟೆ ಒಂದೇ ಸಮ ಮಲಗಿದಳು. ಬೆಳಗ್ಗೆ ಕಾಫಿ ಲೋಟ ಹಿಡಿದು 'ಇವತ್ತು ತಲೆ ನನ್ನ ಕುತ್ತಿಗೆ ಮೇಲೇ ಇದೆ' ಅಂದಳು.

ಆಫೀಸಲ್ಲಿ ಹೇಳೋದು ಇದಕ್ಕಿಂತ ಕಷ್ಟವಾಯ್ತು. 2017ರ ತಿದ್ದುಪಡಿಯಿಂದ ತಾಯಿಗೆ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನ ರಜೆ ಇದೆ. ನಮ್ಮಂಥ ಖಾಸಗಿಯವರಿಗೆ ಕಂಪನಿ ಮನಸ್ಸು ಮಾಡಿ ಕೊಟ್ಟಷ್ಟು. ನನಗೆ ಸಿಕ್ಕ ಎರಡು ವಾರ ಆಸ್ಪತ್ರೆ ಓಡಾಟದಲ್ಲೇ ಮುಗಿದಿತ್ತು. ಮ್ಯಾನೇಜರಿಗೆ, ರಾತ್ರಿ ಕಾಲ್ ವಾರಕ್ಕೆ ಎರಡೇ ಮಾಡಿ, ಸ್ಟ್ಯಾಂಡಪ್ ಹತ್ತೂವರೆಗಿಡಿ ಅಂದೆ. ಕಾಲ್ ಮೂರಕ್ಕೆ ಬಂತು, ಸ್ಟ್ಯಾಂಡಪ್ ಹತ್ತಕ್ಕೆ ಬಂತು. ನನ್ನ ಎರಡು ಆನ್‌ಕಾಲ್ ವಾರಗಳನ್ನ ಮದುವೆಯಾಗದ ಸಹೋದ್ಯೋಗಿಯೊಬ್ಬ ತಗೊಂಡ, ದೀಪಾವಳಿ ವಾರ ನಾನು ಮಾಡಬೇಕು ಅನ್ನೋ ಷರತ್ತಿನ ಮೇಲೆ. ಮಗು ಹೆಗಲ ಮೇಲೆ, ಕಿವಿಯಲ್ಲಿ ಹೆಡ್‌ಫೋನು, ಮೈಕ್ ಮ್ಯೂಟ್. ಹೀಗೇ ನಡೀತಿದೆ.

ಅಮ್ಮನಿಗೆ ಫೋನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮಪ್ಪ ಪೀಣ್ಯದ ಮೆಷಿನ್ ಶಾಪಲ್ಲಿದ್ದವರು, ಮೂರು ಪಾಳಿಯ ಕೆಲಸ. 'ನಿಮ್ಮಪ್ಪಂಗೆ ನೈಟ್ ಶಿಫ್ಟ್ ಇದ್ದ ವಾರ ರಾತ್ರಿಯೆಲ್ಲ ನಾನೊಬ್ಳೇ. ಹಗಲು ಅವರು ಮಲಗ್ಲಿ ಅಂತ ನಿನ್ನ ಎತ್ಕೊಂಡು ದಾಸರಹಳ್ಳಿ ಬೀದಿ ಸುತ್ತುತಿದ್ದೆ. ವಠಾರದಲ್ಲಿ ಪಕ್ಕದ್ಮನೆಯವರು ಸ್ವಲ್ಪ ಹೊತ್ತು ಇಸ್ಕೊಳ್ತಿದ್ರು, ಅಷ್ಟೇ ನನ್ ನಿದ್ದೆ. ಡೇ ಶಿಫ್ಟ್ ಇದ್ದಾಗ್ಲೂ ಅವರನ್ನ ಏಳಿಸ್ಬೇಕು ಅಂತ ನಂಗೆ ಹೊಳೀಲಿಲ್ಲ, ಏಳ್ಬೇಕು ಅಂತ ಅವರಿಗೂ ಹೊಳೀಲಿಲ್ಲ' ಅಂದರು. ಬೈದಿದ್ದರೂ ಅಷ್ಟು ತಾಗ್ತಿರಲಿಲ್ಲ.

ಒಂದು ಮಾತು ಗಂಡಂದಿರಿಗೆ. ನಿದ್ದೆಗೆಟ್ಟು ರೇಗೋದು ಬೇರೆ. ಹೆರಿಗೆಯಾದ ಮೊದಲ ದಿನಗಳ ಅಳು ಸಾಮಾನ್ಯವಾಗಿ ಎರಡು ವಾರದಲ್ಲಿ ತಾನಾಗೇ ಹೋಗುತ್ತೆ. ಆಮೇಲೂ ಅಳು, ಭಯ, ಯಾವುದೂ ಬೇಡ ಅನ್ನಿಸೋದು ಉಳಿದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬರದೇ ಇದ್ದರೆ, ಅದನ್ನ 'ಸುಸ್ತು' ಅಂತ ತಳ್ಳಿಹಾಕಬೇಡಿ. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಲ್ಲಿ ಶುರುವಾದ ಇದಕ್ಕೆ ನಿಮ್ಹಾನ್ಸ್ ಮುಖ್ಯ ಕೇಂದ್ರ, ತಂತ್ರಜ್ಞಾನದ ಕೆಲಸದಲ್ಲಿ ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ಕೈಜೋಡಿಸಿದೆ. ತಾಯಿ, ಮಗುವನ್ನ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡೋ ಘಟಕ ನಿಮ್ಹಾನ್ಸಲ್ಲಿ 2009ರಿಂದಲೂ ಇದೆ.

ಪುಟ್ಟಿ ಈಗ ರಾತ್ರಿಯಿಡೀ ಮಲಗ್ತಾಳಾ ಅಂತ ಕೇಳ್ತೀರಾ? ಇಲ್ಲ. ನಿನ್ನೆಯೂ ನಾಲ್ಕು ಸಲ ಎದ್ದಳು. ಹೆಂಡತಿಯ ರಜೆ ಮುಂದಿನ ತಿಂಗಳು ಮುಗಿಯುತ್ತೆ. ಅವಳ ಆಫೀಸಲ್ಲಿ ಶಿಶುವಿಹಾರ ಇದೆ. 50 ಜನಕ್ಕಿಂತ ಕಡಿಮೆಯಿಲ್ಲದ ಕಡೆ ಇರಲೇಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡೋಕೆ ಬಿಡಬೇಕು ಅನ್ನೋ ನಿಯಮ ತಂದದ್ದೂ ಅದೇ 2017ರ ತಿದ್ದುಪಡಿ. ಹಗಲಿಗೆ ಒಂದು ದಾರಿ ಆಯ್ತು. ರಾತ್ರಿಗೆ ನಾವಿಬ್ಬರೇ.

ಈಗ ಎಂಟೂ ಮುಕ್ಕಾಲು. ಇನ್ನು ಕಾಲು ಗಂಟೆಗೆ ನನ್ನ ಪಾಳಿ ಶುರು. ಒಳಲೆ ಇನ್ನೂ ತೊಳೆದಿಲ್ಲ. ಮುಂದಿನ ತಿಂಗಳು ಸಿಗ್ತೀನಿ.