ಹೆಜ್ಜೆಗೊಂದು ದಂಡ

ಮಣಿಕಟ್ಟಿಗೆ ಕಟ್ಟುವ ಹೆಜ್ಜೆಮಾಪಕದೊಳಗೆ ವೇಗೋತ್ಕರ್ಷ ಅಳೆಯುವ ಪುಟ್ಟ ಸಂವೇದಕವಿರುತ್ತದೆ. ಅದು ಗಮನಿಸುವುದು ಕೈಯ ಓಲಾಟವನ್ನು. ತಲೆಯ ಮೇಲಿನ ಕೊಡವನ್ನು ಹಿಡಿದು ನಡೆದರೆ ಎಷ್ಟೋ ಹೆಜ್ಜೆಗಳು ಲೆಕ್ಕಕ್ಕೇ ಬರುವುದಿಲ್ಲ. ‘ದಿನಕ್ಕೆ 10,000 ಹೆಜ್ಜೆ’ ಎಂಬ ಗುರಿ ಜನಪ್ರಿಯವಾದದ್ದೂ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊ-ಕೇ’ ಎಂಬ ಮಾಪಕದಿಂದ. ಆ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ.

ಇಂಥ ಅಂಕಿಗೆ ದಂಡವನ್ನೂ ಜೋಡಿಸಿದರೆ? ಅಮೆರಿಕದ ವೆಸ್ಟ್ ವರ್ಜೀನಿಯ ರಾಜ್ಯದಲ್ಲಿ ಸರಕಾರಿ ನೌಕರರ ವಿಮೆಗೆ ಹಾಗೊಂದು ಯೋಜನೆ ಸಿದ್ಧವಾಗಿತ್ತು. ಆರೋಗ್ಯದ ಆ್ಯಪ್‌ಗೆ ಸೇರದವರು ತಿಂಗಳಿಗೆ 25 ಡಾಲರ್ ಹೆಚ್ಚು ತೆರಬೇಕಿತ್ತು. ಶಾಲಾ ಶಿಕ್ಷಕರು ತಿರುಗಿಬಿದ್ದರು. 2018ರಲ್ಲಿ ಆ ಕಡ್ಡಾಯವನ್ನು ಕೈಬಿಡಲಾಯಿತು.

ನಡಿಗೆ ಒಳ್ಳೆಯದು, ಎಣಿಸಿಕೊಳ್ಳುವುದೂ ತಪ್ಪಲ್ಲ. ಆದರೆ ಒಪ್ಪದವರ ಸಂಬಳಕ್ಕೆ ಕೈ ಹಾಕುವುದನ್ನು ಆರೋಗ್ಯ ಸೇವೆ ಎನ್ನಲಾದೀತೆ?