ದುಷ್ಟಚತುಷ್ಟಯವೆಂಬ ಸೋಮಾರಿ ಮಾತು

ದುರ್ಯೋಧನ, ದುಶ್ಶಾಸನ, ಕರ್ಣ, ಶಕುನಿ ಈ ನಾಲ್ವರನ್ನು ‘ದುಷ್ಟಚತುಷ್ಟಯ’ವೆಂದು ಒಂದೇ ಹಗ್ಗದಲ್ಲಿ ಬಿಗಿದುಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಸಮಾಸವೇನೋ ಕಿವಿಗೆ ಇಂಪು. ಕಾವ್ಯದ ಓದಿಗೆ ಮಾತ್ರ ಅಡ್ಡಿ. ಭೀಷ್ಮ ಸೇನಾನಿಯಾಗಿದ್ದ 10 ದಿನವೂ ಕರ್ಣ ರಣಕ್ಕಿಳಿಯಲಿಲ್ಲ. 18 ದಿನಗಳ ಯುದ್ಧದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಒಡೆಯನ ಪರಮ ನಂಬುಗೆಯ ಬಿಲ್ಲಾಳು ಸುಮ್ಮನಿದ್ದುದು ಶತ್ರುವಿಗೆ ಅಂಜಿಯಲ್ಲ, ಸ್ವಪಕ್ಷದ ಹಿರಿಯನ ಮೇಲಿನ ಮುನಿಸಿನಿಂದ. ಮುಂದೆ ಅಶ್ವತ್ಥಾಮನೂ ಅವನ ಮೇಲೆ ಕತ್ತಿ ಹಿರಿದನು.

ಈ ಸಮಾಸದೊಳಗೆ ಶಲ್ಯನಿಗಂತೂ ಎಡೆಯೇ ಇಲ್ಲ. ಮಾದ್ರಿಯ ಅಣ್ಣನಾದ ಆತ ಹೊರಟದ್ದು ಪಾಂಡವರ ಕಡೆಗೆ. ದಾರಿಯ ಸತ್ಕಾರಕ್ಕೆ ಮೆಚ್ಚಿ, ಸತ್ಕರಿಸಿದವನು ಯಾರೆಂದು ತಿಳಿಯುವ ಮೊದಲೇ ಮಾತು ಕೊಟ್ಟು ದುರ್ಯೋಧನನ ಪಾಲಾದನು. ಅನಂತರ ಕರ್ಣನ ತೇಜೋವಧೆ ಮಾಡುವುದಾಗಿ ಧರ್ಮರಾಯನಿಗೂ ಮಾತಿತ್ತನು. ಅಂತಹವನ ಕೈಗೇ ಕರ್ಣನ ಕುದುರೆಗಳ ಕಡಿವಾಣ ಬಂದಿತು! ಸೂತಪುತ್ರನಿಗೆ ಸಾರಥಿಯಾಗುವ ಅವಮಾನವನ್ನು ಮದ್ರರಾಜ ನುಂಗಿಕೊಂಡದ್ದು, ಬಾಯಿಗೆ ಬಂದುದನ್ನು ಆಡುವೆನೆಂಬ ಕರಾರಿನ ಮೇಲೆ.

ಇವನನ್ನು ಬರಿಯ ಗೂಢಚಾರನೆಂದು ತಳ್ಳಿಹಾಕುವವರು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಮಳೆಗಾಲದ ತಾಳಮದ್ದಳೆಯಲ್ಲಿ ಒಮ್ಮೆ ‘ಕರ್ಣಪರ್ವ’ ಕೇಳಬೇಕು. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಖಳನೆಂದು ವೇಷವೇ ಸಾರಿಹೇಳುವ ಅನುಕೂಲ ಇಲ್ಲದೆ, ಶಲ್ಯನ ಅರ್ಥಧಾರಿ ಪಂಚೆಯುಟ್ಟು ಕುಳಿತು ತನ್ನ ನ್ಯಾಯವನ್ನು ವಾದದಿಂದಲೇ ಸ್ಥಾಪಿಸಬೇಕು. ಸಮರ್ಥನು ಕುಳಿತರೆ ಸಭೆ ಗಳಿಗೆಹೊತ್ತು ಕರ್ಣನನ್ನೇ ಮರೆಯುವುದುಂಟು.

ಕುಮಾರವ್ಯಾಸ ‘ಮೂಲದಿಂದ ದೂರ ಸರಿದ’ನೆಂದು ಕೊರಗುವವರೂ ಇಲ್ಲಿಯೇ ಎಡವುತ್ತಾರೆ. ಈ ಬಾಣ ತಾಗದು, ಬೇರೆ ಹೂಡು ಎಂಬ ಶಲ್ಯನ ಎಚ್ಚರಿಕೆ ಸಂಸ್ಕೃತ ಭಾರತದಲ್ಲಿಯೂ ಇದೆ. ಆದರೆ ಅಲ್ಲಿ ಕರ್ಣ ಬಿದ್ದ ಮೇಲೆ ಬರಿದಾದ ರಥವನ್ನು ಶಲ್ಯ ಹಿಂದಕ್ಕೆ ಒಯ್ಯುತ್ತಾನೆ. ಕನ್ನಡದಲ್ಲಿ ಕರ್ಣ ಬದುಕಿರುವಾಗಲೇ ಮುನಿದು ರಥವಿಳಿದು ಹೋಗುತ್ತಾನೆ. ಇದು ಪಾಠದೋಷವಲ್ಲ, ವ್ಯಾಖ್ಯಾನ. ಹಿತ ನುಡಿದವನು ದ್ರೋಹಿಯೋ, ಕೇಳದವನು ಮೂರ್ಖನೋ, ಇಲ್ಲವೆ ಸತ್ಯಸಂಧನೋ ಎಂಬ ಪ್ರಶ್ನೆಯನ್ನು ಕವಿ ಉದ್ದೇಶಪೂರ್ವಕವಾಗಿಯೇ ತೆರೆದಿಟ್ಟಿದ್ದಾನೆ.

ಟೋಲ್ಕಿನ್ನನ ಸಾರುಮನ್ ತನ್ನ ಒಡೆಯ ಸೌರಾನನಿಗೇ ವಂಚಿಸಿ ಉಂಗುರವನ್ನು ಬಯಸಿದುದನ್ನು ನಮ್ಮ ವಿದ್ಯಾರ್ಥಿಗಳು ಬೆರಗಿನಿಂದ ವಿವರಿಸುತ್ತಾರೆ. ವಿವರಿಸಲಿ. ಆ ಉತ್ತರಪತ್ರಿಕೆಯಲ್ಲಿಯೇ ಕೌರವಪಕ್ಷಕ್ಕೆ ಒಂದು ಸಮಾಸ ಸಾಕಾಗುವುದು ಹೇಗೆ? 17ನೆಯ ದಿನ ರಥ ತೊರೆದವನಿಗೇ 18ನೆಯ ದಿನ ದುರ್ಯೋಧನ ಸೇನಾಧಿಪತ್ಯದ ಪಟ್ಟ ಕಟ್ಟಿದನು.